ಆರನೇ ನಂಬರಿನ ಕಾಲು

ಪಾರ್ಸೆಲ್ ಬಂದಾಗ ಬಾಗಿಲು ತೆಗೆದವರು ಅಳತೆ ಮೇಷ್ಟ್ರು. ವಾರದ ಉಳಿದ ಆರು ದಿನ ಯಾವಾಗ ಬಂದಿದ್ದರೂ ಅವರು ಮಾರ್ಕೆಟ್ ರಸ್ತೆಯ ತಮ್ಮ ಚಪ್ಪಲಿ ಅಂಗಡಿಯಲ್ಲಿರುತ್ತಿದ್ದರು, ಡಬ್ಬಿ ಸದ್ದಿಲ್ಲದೆ ಒಳಗೆ ಸೇರಿಬಿಡುತ್ತಿತ್ತು. ಅವತ್ತು ಅಂಗಡಿಗೆ ರಜೆ.

ಅವರು ಪಾಠ ಹೇಳುವ ಮೇಷ್ಟ್ರಲ್ಲ. ಅಂಗಡಿಗೆ ಬಂದವರನ್ನು ಕಂದು ಕಾಗದದ ಮೇಲೆ ನಿಲ್ಲಿಸಿ, ಕಾಲಿನ ಸುತ್ತ ಪೆನ್ಸಿಲ್ ಓಡಿಸಿ, ಆ ಗೆರೆ ನೋಡಿದ ಮೇಲೇ ಶೆಲ್ಫಿನತ್ತ ಕೈ ಚಾಚುವ ಮನುಷ್ಯ. ಗಿರಾಕಿ ‘ನಂದು ಏಳು’ ಅಂದರೆ, ‘ಅದನ್ನ ಕಾಲು ಹೇಳ್ಲಿ, ನೀವು ಸುಮ್ನೆ ನಿಂತ್ಕೊಳಿ’ ಅನ್ನುವರು. ಅದಕ್ಕೇ ಬೀದಿಯವರು ಅಳತೆ ಮೇಷ್ಟ್ರು ಅಂತ ಹೆಸರಿಟ್ಟರು. ಹೆಂಡತಿ ತಾನಾಗಿಯೇ ಮೇಷ್ಟ್ರಮ್ಮ ಆದರು.

ಡಬ್ಬಿ ಕೈಗೆ ಬಂದ ಕೂಡಲೇ ಅದರಲ್ಲಿರುವುದು ಏನೆಂದು ಮೇಷ್ಟ್ರಿಗೆ ಗೊತ್ತಾಯಿತು. ಮೂವತ್ತೊಂದು ವರ್ಷ ಅಂಥವೇ ಡಬ್ಬಿ ಎತ್ತಿದ ಕೈ. ಒಂದು ಸಲ ಅಲ್ಲಾಡಿಸಿದರು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಮೇಷ್ಟ್ರಮ್ಮ ಸ್ಟೂಲಿನ ಮೇಲೆ ಕೂತು ಹುರುಳೀಕಾಯಿ ಹೆಚ್ಚುತ್ತಿದ್ದರು. ಸೀರೆಯ ಅಂಚು ನೆಲ ಮುಟ್ಟಿ ಪಾದಗಳನ್ನು ಮುಚ್ಚಿತ್ತು.

“ಇದು ಯಾರದ್ದು?”

“ನಂದೇ. ಅಲ್ಲಿಡಿ.”

“ಇದರೊಳಗಿರೋದು ಚಪ್ಪಲಿ.”

“ಹೂಂ. ಮೆತ್ತಗಿರುತ್ತಂತೆ, ತರಿಸ್ದೆ.”

ಮೇಷ್ಟ್ರು ಅಲ್ಲೇ ನೆಲಕ್ಕೆ ಕೂತು ಡಬ್ಬಿ ಬಿಚ್ಚಿದರು. ಎಳೆದು ಅಂಟಿಸುವ ಪಟ್ಟಿ ಇರುವ, ಬೂದು ಬಣ್ಣದ, ಹಗುರವಾದ ಜೊತೆ. ಅಟ್ಟೆಯನ್ನು ಹಿಡಿದು ಮಡಚಿದರು, ಅಂಚಿಗೆ ಉಗುರು ಹಾಕಿದರು.

“ಒಂದು ಹೊಲಿಗೆ ಇಲ್ಲ, ಬರೀ ಅಂಟು. ನಾಲ್ಕು ಸಲ ನೆಂದ್ರೆ ಬಾಯಿ ಬಿಡುತ್ತೆ. ನಾನಿನ್ನೂ ಬದುಕಿದೀನಲ್ಲೇ, ನನ್ನ ಅಂಗಡೀನೂ ಇನ್ನೂ ಬಾಗಿಲು ತೆಗೀತಾ ಇದೆ. ನನ್ನ ಕೇಳೋಕೆ ನಿನಗೇನು ಬಾಯಿಲ್ವಾ?”

“ನಿಮಗೆ ಸ್ಕೂಲ್ ಷೂ ಸೀಸನ್ನು ಬಂತು. ಯಾಕೆ ತೊಂದ್ರೆ ಅಂತ.”

“ತೊಂದ್ರೆ. ಕಟ್ಕೊಂಡ ಹೆಂಡತಿ ಕಾಲಿಗೆ ಒಂದು ಜೊತೆ ತರೋದು ನಂಗೆ ತೊಂದ್ರೆ.” ಅಷ್ಟರಲ್ಲಿ ಅಟ್ಟೆಯಡಿಯ ಅಂಕಿ ಕಣ್ಣಿಗೆ ಬಿತ್ತು, ಮುಖ ಅರಳಿತು. “ನೋಡು, ನೋಡು ಇಲ್ಲಿ. ಎಂಟು. ನಿನ್ನ ಕಾಲು ಆರು. ಮದುವೆಯಾದಾಗಿಂದ ಆರು. ನಂಬರೇ ತಪ್ಪು ಕಳ್ಸಿದಾನೆ ನಿನ್ನ ಫೋನಿನ ಅಂಗಡಿಯವನು.”

ಮೇಷ್ಟ್ರಮ್ಮನ ಚಾಕು ಒಂದು ಕ್ಷಣ ನಿಂತಿತು. “ದೊಡ್ಡದೇ ಇರ್ಲಿ ಬಿಡಿ. ಮನೇಲಿ ಹಾಕ್ಕೊಳೋಕೆ ತಾನೆ.”

“ಎರಡು ನಂಬರ್ ದೊಡ್ಡದು. ಹಾಕ್ಕೊಂಡು ದೋಣಿ ನಡೆಸ್ತೀಯಾ? ಹೋದ ವಾರ ಕಾಗದ ತಂದು ಕಾಲಿಡು ಅಂದ್ರೆ ಹಳೇದೇ ಗಟ್ಟಿಯಾಗಿದೆ ಅಂದೆ. ಈಗ ಗೊತ್ತಾಯ್ತು ಬಿಡು.” ಡಬ್ಬಿ ಮುಚ್ಚಿ ಕಾಲಿನಿಂದ ಆಚೆ ತಳ್ಳಿದರು. “ಇನ್ಮೇಲೆ ನಿನ್ನ ಕಾಲಿನ ತಂಟೆಗೆ ನಾನು ಬರಲ್ಲ.”

ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ, ಅಂಗಡಿಯಲ್ಲಿ ನೂಕುನುಗ್ಗಲು ಏಳುವ ಮುಂಚೆ, ಮೊದಲ ಅಳತೆ ಮನೆಯವರದ್ದು. ಒಬ್ಬೊಬ್ಬರ ಕಾಗದವೂ ವರ್ಷ, ನಂಬರ್ ಬರೆದುಕೊಂಡು ಬೀರುವಿನಲ್ಲಿ ಕಟ್ಟಾಗಿತ್ತು. ಮೇಷ್ಟ್ರಮ್ಮನ ಕಟ್ಟಿನಲ್ಲಿ ಮೂವತ್ತೊಂದು ಹಾಳೆ, ಮೂವತ್ತೊಂದರಲ್ಲೂ ಆರು. ಈ ವರ್ಷದ್ದೊಂದೇ ಇರಲಿಲ್ಲ.

ಸೊಸೆ ಕೆಲಸದಿಂದ ಬಂದಾಗ ಮಾವ ಜಗಲಿಯಲ್ಲಿ ಪೇಪರಿಗೆ ಮುಖ ಕೊಟ್ಟು ಕೂತಿದ್ದರು. ಅವಳದ್ದು ಆನ್‌ಲೈನ್ ಕಂಪನಿಯೊಂದರಲ್ಲಿ ಫೋನ್ ಎತ್ತುವ ಕೆಲಸ. ಕೊಂಡದ್ದನ್ನು ಹಿಂತಿರುಗಿಸುವವರು ಫೋನ್ ಮಾಡಿದರೆ ಯಾಕೆ ಅಂತ ಕೇಳಿ, ಪಟ್ಟಿಯಲ್ಲಿರುವ ಕಾರಣಗಳಲ್ಲಿ ಒಂದನ್ನು ಒತ್ತಬೇಕು.

“ಬಾರಮ್ಮ,” ಅಂದರು ಮೇಷ್ಟ್ರು ಪೇಪರ್ ಇಳಿಸದೆ. “ನಿಮ್ಮ ಕಂಪನಿ ನಮ್ಮನೇಲೂ ಬ್ರಾಂಚ್ ತೆಗೀತು.”

ಅವಳು ಒಳಗೆ ಬಂದು ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು. ಅತ್ತೆ ಹೊಸ ಚಪ್ಪಲಿ ಮೆಟ್ಟಲು ಒದ್ದಾಡುತ್ತಿದ್ದರು. ಬಗ್ಗಿದರೆ ಉಸಿರು ಹತ್ತುತ್ತಿತ್ತು. ಸೊಸೆ ಕೂತು ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ಕಣಕಾಲಿನ ಮೂಳೆ ಎಲ್ಲಿತ್ತೆಂದು ಗೊತ್ತಾಗುತ್ತಿರಲಿಲ್ಲ. ಚರ್ಮ ಹೊಳೆಯುತ್ತಿತ್ತು. ಬೆರಳು ಇಟ್ಟ ಕಡೆ ಕುಳಿ ಬಿದ್ದು, ತುಂಬಿಕೊಳ್ಳಲು ಹೊತ್ತು ಹಿಡಿಯಿತು.

“ಜಾಸ್ತಿ ಆಗಿದೆ ಅತ್ತೆ. ಮಾವಂಗೆ ಹೇಳೋಣ.”

“ಹೇಳೋಣ. ಸೀಸನ್ ಮುಗೀಲಿ.”

“ಡಾಕ್ಟರು ದೊಡ್ಡಾಸ್ಪತ್ರೆಗೆ ಹೋಗಿ ಅಂತ ಚೀಟಿ ಬರ್ದು ಮೂರು ವಾರ ಆಯ್ತು.”

“ಚೀಟಿ ಎಲ್ಲಿಗೂ ಓಡಿಹೋಗಲ್ಲ, ಅಕ್ಕಿ ಡಬ್ಬಿ ಕೆಳಗಿದೆ. ವರ್ಷಕ್ಕೆ ಒಂದು ತಿಂಗಳು ಆ ಮನುಷ್ಯಂಗೆ ಕೈ ತುಂಬ ಕೆಲಸ. ಈಗ ಹೇಳಿದ್ರೆ ಷಟರ್ ಎಳ್ಕೊಂಡು ಬಂದು ನನ್ನ ಮಂಚದ ಪಕ್ಕ ಕೂರ್ತಾರೆ. ಬಂದ ಗಿರಾಕಿ ಇನ್ನೊಂದ್ಸಲ ಬರ್ತಾರಾ? ನೀವೇ ಫೋನಲ್ಲಿ ಕರ್ಕೊಂಡು ಬಿಡ್ತೀರಿ.”

“ನಗೋ ಮಾತಲ್ಲ ಇದು.”

“ನಾನೆಲ್ಲಿ ನಗ್ತಾ ಇದೀನಿ. ಪಟ್ಟಿ ಸ್ವಲ್ಪ ಸಡಿಲ ಮಾಡು. ಶಾಲೆ ಶುರುವಾದ ಮಾರನೇ ದಿನ ನಾನೇ ಹೇಳ್ತೀನಿ. ನನ್ನಾಣೆ, ಅಲ್ಲೀವರೆಗೆ ನೀನು ಬಾಯಿ ಬಿಡಬೇಡ.”

ಸೊಸೆ ಬಾಯಿ ಬಿಡಲಿಲ್ಲ. ಆಮೇಲೆ ಎಷ್ಟೋ ದಿನ ಅವಳು ತನ್ನನ್ನೇ ಕೇಳಿಕೊಂಡ ಪ್ರಶ್ನೆ ಇದೇ, ಯಾಕೆ ಬಿಡಲಿಲ್ಲ ಅಂತ.

ಸೀಸನ್ ಶುರುವಾಯಿತು, ಆದರೆ ಹಿಂದಿನ ವರ್ಷಗಳ ಹಾಗೆ ಉಸಿರಾಡಲು ಬಿಡದಂಥ ಸೀಸನ್ ಆಗಿರಲಿಲ್ಲ. ಬೆಂಚಿನ ಮೇಲೆ ಮಕ್ಕಳು ಕೂತರು, ಕಾಲು ಚಾಚಿದರು. ಮೇಷ್ಟ್ರು ಮಂಡಿಯೂರಿ ಗೆರೆ ಎಳೆದರು, ಕಪ್ಪು ಷೂ ಹಾಕಿ ಮುಂದಿನ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ತಾಯಂದಿರು ಷೂವಿನ ಫೋಟೋ ತೆಗೆದು, “ಮನೇಲಿ ಕೇಳ್ಕೊಂಡು ಬರ್ತೀವಿ” ಅಂದು ಎದ್ದರು. ತಿರುಗಿ ಬಂದವರು ಅರ್ಧ. ಒಬ್ಬಾಕೆಯಂತೂ ನಿಂತಲ್ಲಿಂದಲೇ, “ಷೂ ಬೇಡ, ಮಗೂದು ನಂಬರ್ ಎಷ್ಟು ಅಂತ ಹೇಳಿಬಿಡಿ ಸಾಕು, ಆರ್ಡರ್ ಮಾಡ್ಬೇಕು” ಅಂದಳು. ಮೇಷ್ಟ್ರು ಅದಕ್ಕೂ ಕೂರಿಸಿ, ಗೆರೆ ಎಳೆದು, ನಂಬರ್ ಹೇಳಿ ಕಳಿಸಿದರು.

ಅದನ್ನು ಊಟದ ಹೊತ್ತಿಗೆ ಹೇಳಿದಾಗ ಮಗ ಕೈಯಲ್ಲಿದ್ದ ತುತ್ತು ಕೆಳಗಿಟ್ಟ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸ್ ಹೋಗದು.

“ನೀನ್ಯಾಕೆ ಹೇಳ್ದೆ? ಬಿಟ್ಟಿ ಅಳತೆ ಆಫೀಸ್ ಇಟ್ಟಿದೀಯಾ?”

“ಮಗು ಕಾಲು ಕಣೋ. ತಪ್ಪು ನಂಬರ್ ಹಾಕ್ಕೊಂಡು ವರ್ಷವೆಲ್ಲ ನಡೀಬೇಕಾ?”

“ತಪ್ಪಾದ್ರೆ ವಾಪಸ್ ಕಳಿಸ್ತಾರಪ್ಪ. ಈಗ ಹಂಗೇ. ಮೂರು ತರಿಸ್ತಾರೆ, ಸರಿ ಹೋದದ್ದು ಇಟ್ಕೋತಾರೆ, ಬೇಡದ್ದು ವಾಪಸ್.”

“ಬೇಡದ್ದನ್ನ ವಾಪಸ್ ಕಳಿಸೋದು ಅಷ್ಟು ಸುಲಭ ಆಗಿದ್ರೆ ನಿನ್ನನ್ನ ಯಾವತ್ತೋ ಕಳಿಸ್ತಿದ್ದೆ.”

ಮೊಮ್ಮಗಳು ಕಿಸಕ್ಕನೆ ನಕ್ಕಳು. ಎಂಟು ವರ್ಷದ ಹುಡುಗಿ, ಬೆಳಗಾದರೆ ಒಂದೇ ಸಮ ಕುಯ್ಯುತ್ತಾಳೆಂದು ತಾತ ಅವಳನ್ನು ಪಿಟೀಲು ಅಂತಲೇ ಕರೆಯುವುದು.

“ತಮಾಷೆ ಬಿಡು,” ಅಂದ ಮಗ. “ಜನಕ್ಕೆ ಅನುಕೂಲ ಅದು. ಬಿಸಿಲಲ್ಲಿ ಓಡಾಡೋ ಹಂಗಿಲ್ಲ, ಪಾರ್ಕಿಂಗ್ ಹುಡುಕೋ ಹಂಗಿಲ್ಲ. ನೂರು ಥರ ತೋರಿಸ್ತಾರೆ. ನೀನು ಎಷ್ಟು ಥರ ತೋರಿಸ್ತೀಯ, ಹದಿನೈದು?”

“ನಾನು ಕಾಲು ನೋಡ್ತೀನಿ. ಅವನು ನೋಡ್ತಾನಾ? ನಂಬರ್ ಕೇಳ್ತಾನೆ, ಡಬ್ಬಿ ಎಸೀತಾನೆ. ಆ ಕಾಲು ಯಾರದ್ದು, ಏನಾಗಿದೆ, ಅವನಿಗೇನಾಗ್ಬೇಕು?” ಮೇಷ್ಟ್ರು ಅನ್ನಕ್ಕೆ ಸಾರು ಕಲಸಿ ಬಾಯಿಗಿಟ್ಟು ಮುಖ ಕಿವುಚಿದರು. ಕಣ್ಣು ತಟ್ಟೆಯ ಮೇಲೇ ಇತ್ತು. “ಪಿಟೀಲೂ, ನಿಮ್ಮಜ್ಜಿಗೆ ಹೇಳು, ಉಪ್ಪು ಕೂಡ ಪಾರ್ಸೆಲ್‌ನಲ್ಲಿ ಬರೋದು ತಡ ಆಗಿದೆಯಾ ಅಂತ.”

ಉಪ್ಪು ಕಡಿಮೆ ಮಾಡಿ ಅಂದದ್ದು ಡಾಕ್ಟರು. ಮೇಷ್ಟ್ರಮ್ಮ ಉಪ್ಪಿನ ಬಟ್ಟಲನ್ನು ಮೊಮ್ಮಗಳ ಕೈಗೆ ಕೊಟ್ಟರು. “ತಾತಂಗೆ ಕೊಡಮ್ಮ. ಬೇಕಾದಷ್ಟು ಹಾಕ್ಕೊಳ್ಲಿ.”

ಹೀಗೆ ಮಾತು ಮೊಮ್ಮಗಳ ಮೂಲಕವೇ ಹಾದುಹೋಗುತ್ತಾ ಎರಡು ವಾರ ಕಳೆಯಿತು. ಮೇಷ್ಟ್ರು ಹಠ ಹಿಡಿದರೆ ಹಾಗೇ. ಹೆಂಡತಿಯ ಮುಖಕ್ಕೆ ಮಾತಾಡಲಿಲ್ಲ, ಆಕೆ ನಡೆದು ಬಂದರೆ ಕಣ್ಣನ್ನು ಬೇಕೆಂದೇ ಬೇರೆ ಕಡೆ ತಿರುಗಿಸಿದರು. ಆ ಬೂದು ಚಪ್ಪಲಿ ಕಣ್ಣಿಗೆ ಬೀಳಬಾರದು, ಅಷ್ಟೇ. ರಸ್ತೆಯಲ್ಲಿ ಹೋಗುವವರ ನಡಿಗೆ ನೋಡಿ ಹಿಮ್ಮಡಿ ಯಾವ ಕಡೆ ಸವೆದಿದೆ ಅಂತ ಹೇಳುವ ಮನುಷ್ಯ, ಮನೆಯೊಳಗೆ ಆಕೆ ಗೋಡೆ ಹಿಡಿದು ನಡೆಯುತ್ತಿದ್ದುದನ್ನು ನೋಡಲಿಲ್ಲ.

ನೋಡಿದವಳು ಪಿಟೀಲು. ಮಧ್ಯಾಹ್ನ ಅಜ್ಜಿ ಮಲಗಿದಾಗ ಅವಳು ಕಾಲ ಬುಡದಲ್ಲಿ ಕೂತು, ಬೆರಳಿನಿಂದ ಒತ್ತಿ ಕುಳಿ ಮಾಡಿ, ಅದು ಮುಚ್ಚಿಕೊಳ್ಳುವವರೆಗೆ ಎಣಿಸುತ್ತಿದ್ದಳು. ಮೊದಲು ಹತ್ತರವರೆಗೆ ಎಣಿಸಿದರೆ ಮುಚ್ಚುತ್ತಿತ್ತು. ಈಗ ಮೂವತ್ತಾದರೂ ಇಲ್ಲ.

“ಅಜ್ಜಿ, ನಿನ್ನ ಕಾಲು ನಾದಿದ ಹಿಟ್ಟಿನ ಥರ ಇದೆ.”

“ಹೂಂ ಕಣೇ, ಉಬ್ಬಲಿ ಅಂತ ಇಟ್ಟಿದೀನಿ.”

ಇತ್ತ ಅಂಗಡಿಗೆ ಒಬ್ಬ ಹೆಂಗಸು ಬಂದಿದ್ದಳು. ಹೊಲಿಗೆ ಕೆಲಸದವಳು, ದಿನವೆಲ್ಲ ಮೆಷಿನ್ ತುಳಿಯುವ ಕಾಲು. ಮೇಷ್ಟ್ರು ಕಾಗದದ ಮೇಲೆ ನಿಲ್ಲಿಸಿ ಗೆರೆ ಎಳೆದವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಪಾದವನ್ನು ಕೈಗೆ ತೆಗೆದುಕೊಂಡರು, ಹೆಬ್ಬೆರಳು ಒತ್ತಿದರು.

“ಅಮ್ಮಾ, ನಾನಿವತ್ತು ನಿಮಗೆ ಚಪ್ಪಲಿ ಕೊಡಲ್ಲ.”

“ಯಾಕೆ, ದುಡ್ಡು ಕೊಡಲ್ಲ ಅಂದೆನಾ ನಾನು?”

“ಇದು ನಿಮ್ಮ ಕಾಲಿನ ಅಳತೆ ಅಲ್ಲ. ಒಳಗೆ ನೀರು ತುಂಬಿದೆ. ಮೊದಲು ಡಾಕ್ಟರಿಗೆ ತೋರಿಸಿ. ಚಪ್ಪಲಿ ಎಲ್ಲಿಗೂ ಹೋಗಲ್ಲ.”

ಅವಳು ಗೊಣಗುತ್ತಾ ಹೋದಳು. ಹತ್ತು ದಿನ ಬಿಟ್ಟು, ಶಾಲೆ ಶುರುವಾಗಲು ಇನ್ನು ನಾಲ್ಕು ದಿನವಿದೆ ಅನ್ನುವಾಗ, ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದಳು. ಬೆಂಚಿನ ಮೇಲೆ ಕೂರಲೂ ಇಲ್ಲ. “ಕಿಡ್ನಿ ತೊಂದ್ರೆಯಂತೆ. ಸರಿಯಾದ ಟೈಮಿಗೆ ಬಂದ್ರಿ, ಗುಳಿಗೆಯಲ್ಲೇ ಹಿಡೀಬಹುದು ಅಂದ್ರು. ಯಾರು ಕಳಿಸಿದ್ದು ಅಂತ ಕೇಳಿದ್ರು. ಚಪ್ಪಲಿ ಅಂಗಡಿಯವರು ಅಂದೆ. ಡಾಕ್ಟರ್ ನಕ್ಕುಬಿಟ್ಟರು.”

ಮಾರನೆಯ ದಿನ ರಜೆ. ಬೆಳಿಗ್ಗೆ ಮೇಷ್ಟ್ರು ಹಣ್ಣು ತೊಳೆಯುತ್ತಾ ಶಿಳ್ಳೆ ಹಾಕುತ್ತಿದ್ದಾಗ, ಅಡುಗೆಮನೆಯಲ್ಲಿ ಮೇಷ್ಟ್ರಮ್ಮ ಸೊಸೆಗೆ ಪಿಸುಗುಟ್ಟಿದರು. “ಎಂಟೂ ಬಿಗಿ ಆಗ್ತಿದೆ ಕಣೇ. ಒಂದು ನಂಬರ್ ದೊಡ್ಡದು ಹಾಕಿಬಿಡು.”

“ಮೂರೇ ದಿನ ಅತ್ತೆ. ನೀವು ಹೇಳ್ದೇ ಇದ್ರೆ ನಾನು ಹೇಳ್ತೀನಿ.”

“ಹೇಳ್ತೀನಿ ಅಂದ್ನಲ್ಲ. ನೀನು ಮೊದ್ಲು ಒಂಬತ್ತು ಹಾಕು.” ಸೊಸೆ ಫೋನ್ ತೆಗೆದು ಒಂಬತ್ತಕ್ಕೆ ಆರ್ಡರ್ ಹಾಕಿದಳು.

ಮಧ್ಯಾಹ್ನ ಎಲ್ಲರೂ ಮೇಜಿನ ಸುತ್ತ ಕೂತಾಗ ಮೇಷ್ಟ್ರಿಗೆ ಮಾತು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹೊಲಿಗೆಯಾಕೆಯ ಕಥೆಯನ್ನು ಮೊದಲಿನಿಂದ ಹೇಳಿದರು, ಅವಳ ಹಾಗೇ ನಿಂತು ತೋರಿಸಿದರು. ಕಿತ್ತಳೆ ಹಣ್ಣನ್ನು ಮಗನ ತಟ್ಟೆಯ ಪಕ್ಕ ಇಟ್ಟರು.

“ತಿನ್ನು. ಇದು ಯಾವ ಪಾರ್ಸೆಲ್‌ನಲ್ಲೂ ಬರಲ್ಲ. ನಿನ್ನ ಫೋನು ಹೇಳ್ತಿತ್ತಾ, ಅಮ್ಮಾ ಕಾಲು ಊದಿದೆ, ಆಸ್ಪತ್ರೆಗೆ ಹೋಗು ಅಂತ? ದೊಡ್ಡ ನಂಬರ್ ಕೇಳಿದ್ರೆ ದೊಡ್ಡ ನಂಬರ್ ಕೊಡ್ತಿತ್ತು, ಅಷ್ಟೇ. ಕಾಲು ಸತ್ತರೂ ಡಬ್ಬಿ ಬರ್ತಿತ್ತು.”

ಸೊಸೆಯ ಕೈ ತಟ್ಟೆಯಲ್ಲೇ ಉಳಿಯಿತು. ಮೇಷ್ಟ್ರಮ್ಮ ಮೇಜಿನಡಿ ಪಾದಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡರು. ಪಟ್ಟಿ ಬಿಚ್ಚಿದ್ದ ಚಪ್ಪಲಿ ಒಂದು ಕಳಚಿ ಅಲ್ಲೇ ಉಳಿಯಿತು.

“ತಾತ,” ಅಂದಳು ಪಿಟೀಲು, ಹಣ್ಣಿನ ಸಿಪ್ಪೆ ಸುಲಿಯುತ್ತಾ. “ಒತ್ತಿದ್ರೆ ಕುಳಿ ಬೀಳುತ್ತಲ್ಲ, ಆ ಥರಾನಾ? ಅಜ್ಜಿ ಕಾಲೂ ಹಂಗೇ ಇದೆ. ನಿನ್ನೆ ನಲವತ್ತೊಂದರ ತನಕ ಎಣಿಸ್ದೆ.”

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಮೂರು ವಾರದಲ್ಲಿ ಮೊದಲ ಸಲ. ಕಣ್ಣಿನ ಕೆಳಗೂ ಊತವಿತ್ತು. ಆಮೇಲೆ ಎದ್ದು ಕೈ ತೊಳೆದರು, ಬೀರುವಿನಿಂದ ಹೊಸ ಹಾಳೆಯೊಂದನ್ನೂ ಆಕೆಯ ಹಳೆಯ ಕಟ್ಟನ್ನೂ ತಂದು, ಆಕೆಯ ಕುರ್ಚಿಯ ಮುಂದೆ ಮಂಡಿಯೂರಿದರು.

“ಕಾಲು ಕೊಡು.”

“ಊಟ ಮುಗೀಲಿ.”

“ಕಾಲು ಕೊಡೇ.”

ಆಕೆ ಬಲಗಾಲನ್ನು ಹಾಳೆಯ ಮೇಲಿಟ್ಟರು. ಪೆನ್ಸಿಲ್ ಹಿಮ್ಮಡಿಯಿಂದ ಹೊರಟು ಸುತ್ತಿ ಬರಲು ಎಂದಿಗಿಂತ ಹೆಚ್ಚು ಹೊತ್ತಾಯಿತು. ಮೇಷ್ಟ್ರು ಹೋದ ವರ್ಷದ ಹಾಳೆಯನ್ನು ಕಟ್ಟಿನಿಂದ ತೆಗೆದು, ಗೆರೆಯ ಮೇಲೆ ಕತ್ತರಿಸಿ, ಹೊಸ ಗೆರೆಯ ಒಳಗೆ ಇಟ್ಟರು. ಎರಡು ಗೆರೆಗಳ ನಡುವೆ ಸುತ್ತಲೂ ಒಂದು ಬೆರಳಿನಗಲ ಖಾಲಿ ಉಳಿಯಿತು. ಆ ಖಾಲಿ ಜಾಗದ ಮೇಲೆ ಅವರು ಬೆರಳಾಡಿಸುತ್ತಾ ಕೂತುಬಿಟ್ಟರು.

“ಎಂಟು ಸರಿಯಾಗೇ ಕಳಿಸಿದ್ದ,” ಅಂದರು.

ಮಗ ಆಗಲೇ ಗಾಡಿಯ ಕೀಲಿ ಹುಡುಕುತ್ತಿದ್ದ.

ದೊಡ್ಡಾಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು. ಎರಡೂ ಕಿಡ್ನಿ ಕೈಬಿಟ್ಟಿವೆ, ಹೃದಯಕ್ಕೂ ಭಾರ ಬಿದ್ದಿದೆ ಅಂದರು. “ಊತ ಯಾವಾಗ ಶುರುವಾಯ್ತು?” ಅಂತ ಕೇಳಿದ್ದು ಮೇಷ್ಟ್ರನ್ನು. ಉತ್ತರ ಹೇಳಿದವಳು ಸೊಸೆ. ಎಲ್ಲ ಹೇಳಿದಳು, ಚೀಟಿಯದ್ದೂ, ಅಕ್ಕಿ ಡಬ್ಬಿಯದ್ದೂ. ಕಾರಿಡಾರಿನಲ್ಲಿ ಗಂಡ ಅವಳ ಮೇಲೆ ಹರಿಹಾಯ್ದ. “ನಿಂಗೆ ಗೊತ್ತಿತ್ತು. ಒಂದೇ ಹಾಸಿಗೇಲಿ ಮಲಗ್ತೀವಿ, ನಂಗೊಂದು ಮಾತು ಹೇಳೋಕಾಗ್ಲಿಲ್ವಾ?”

“ಅವಳನ್ನ ಬೈಬೇಡ,” ಅಂದರು ಮೇಷ್ಟ್ರು. “ಅವಳು ನೋಡಿದ್ಲು. ನಾನು ನೋಡ್ಲಿಲ್ಲ.”

ಸೀಸನ್ನಿನ ಕೊನೆಯ ದಿನಗಳಲ್ಲಿ ಅಂಗಡಿಯ ಷಟರ್ ಮುಚ್ಚಿಯೇ ಇತ್ತು. ಮೇಷ್ಟ್ರು ಆಸ್ಪತ್ರೆಯ ಮಂಚದ ಕಾಲ ಬುಡದಲ್ಲಿ ಕೂತು ಹೆಂಡತಿಯ ಪಾದಗಳನ್ನು ಮೆಲ್ಲಗೆ ನೀವುತ್ತಿದ್ದರು.

“ನೋಡಿ, ಮುಚ್ಚಿಕೊಂಡು ಬಂದು ಕೂತ್ರಲ್ಲ,” ಅಂದರು ಮೇಷ್ಟ್ರಮ್ಮ. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕಿತ್ತು. “ಇದಕ್ಕೇ ಹೇಳ್ಲಿಲ್ಲ ನಾನು. ಬೆಂಚು ತುಂಬ ಮಕ್ಕಳು, ನೀವು ಮಧ್ಯ ಮಂಡಿಯೂರಿ ಕೂತಿರೋದು, ವರ್ಷಕ್ಕೊಂದ್ಸಲ. ಅದು ನೋಡೋಕೆ ಚೆಂದ.”

“ಚಪ್ಪಲೀನಾದ್ರೂ ನನ್ನ ಕೈಲಿ ತಗೋಬಹುದಿತ್ತು.”

“ನಿಮ್ಮ ಹತ್ರ ಎಂಟು ಕೊಡಿ ಅಂದ್ರೆ, ಯಾಕೆ ಎಂಟು ಅಂತ ಕೇಳ್ತೀರಿ. ಫೋನು ಕೇಳಲ್ಲ.”

ಮೇಷ್ಟ್ರು ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಎಂಟು ನನ್ನ ಕೈಗೇ ಬಂತು. ನಾನೂ ಕೇಳ್ಲಿಲ್ವಲ್ಲೇ,” ಅಂದರು.

ಆಕೆ ಕಾಲಿನ ಬೆರಳನ್ನು ಅವರ ಅಂಗೈಯಲ್ಲಿ ಸ್ವಲ್ಪ ಅಲ್ಲಾಡಿಸಿದರು. “ಉಪ್ಪು ಹಾಕ್ಕೊಂಡು ಊಟ ಮಾಡಿ ಇನ್ಮೇಲೆ,” ಅಂದರು.

ಒಂಬತ್ತನೆಯ ದಿನ ಬೆಳಿಗ್ಗೆ, ನರ್ಸ್ ಕಿಟಕಿಯ ಪರದೆ ಸರಿಸುವ ಹೊತ್ತಿಗೆ, ಮೇಷ್ಟ್ರಮ್ಮ ಹೋಗಿಬಿಟ್ಟರು. ಮಾರ್ಕೆಟ್ ರಸ್ತೆಯವರೆಲ್ಲ ಬಂದರು. ಹೊಲಿಗೆಯಾಕೆಯೂ ಬಂದಿದ್ದಳು, ಹಗುರ ಹೆಜ್ಜೆ ಹಾಕಿಕೊಂಡು. ಮೇಷ್ಟ್ರು ಅವಳ ಪಾದ ನೋಡಿ, “ಇಳಿದಿದೆ, ಒಳ್ಳೇದಾಯ್ತು” ಅಂದರು. ಅವಳು ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು.

ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಶಾಲೆ ಶುರುವಿನ ಗಡಿಬಿಡಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದ ಪಾರ್ಸೆಲ್. ಹೆಸರು ಮೇಷ್ಟ್ರಮ್ಮನದ್ದು. ಸೊಸೆ ಅದನ್ನು ತಂದು ಬೇಗ ಒಳಗೆ ಒಯ್ಯಬೇಕೆಂದುಕೊಂಡಳು. ಮಾವ ಆಗಲೇ ಎದುರಿಗೆ ನಿಂತಿದ್ದರು, ಕೈ ಚಾಚಿದರು.

“ಆಸ್ಪತ್ರೆಗೆ ಹೋದ ದಿನ ಬೆಳಿಗ್ಗೆ ಆರ್ಡರ್ ಹಾಕಿದ್ದು ಮಾವ. ನಿಲ್ಲಿಸೋದು ಮರ್ತೇಹೋಯ್ತು. ವಾಪಸ್ ಕಳಿಸ್ತೀನಿ, ಒಂದು ನಿಮಿಷ.” ಅವಳು ಫೋನ್ ತೆಗೆದಳು. ದಿನಕ್ಕೆ ನೂರು ಸಲ ಮಾಡುವ ಕೆಲಸ. ಆದರೂ ಬೆರಳು ಪರದೆಯ ಮೇಲೆ ನಿಂತುಬಿಟ್ಟಿತು.

“ಏನಾಯ್ತಮ್ಮ?”

“ಕಾರಣ ಕೇಳ್ತಿದೆ.”

“ಏನೇನಿದೆ?”

ಅವಳು ಓದಿದಳು. “ಅಳತೆ ಚಿಕ್ಕದಾಯಿತು. ಅಳತೆ ದೊಡ್ಡದಾಯಿತು. ಬಣ್ಣ ಹಿಡಿಸಲಿಲ್ಲ. ತಡವಾಗಿ ಬಂತು.” ಅಲ್ಲಿಗೆ ನಿಲ್ಲಿಸಿದಳು. “ಯಾವುದು ಒತ್ಲಿ ಮಾವ?”

ಮೇಷ್ಟ್ರು ನೆಲಕ್ಕೆ ಕೂತು ಡಬ್ಬಿ ಬಿಚ್ಚಿದರು. ಅದೇ ಬೂದು ಬಣ್ಣ. ಈ ಸಲ ಅಟ್ಟೆ ಮಡಚಲಿಲ್ಲ, ಅಂಚಿಗೆ ಉಗುರು ಹಾಕಲಿಲ್ಲ. ಪಿಟೀಲಿಗೆ ಹೇಳಿ ಬೀರುವಿನಿಂದ ಅಜ್ಜಿಯ ಕಟ್ಟು ತರಿಸಿದರು. ಮೇಲಿನ ಹಾಳೆಯನ್ನು ಬಿಡಿಸಿ, ಗೆರೆಯ ಮೇಲೆ ಬಲಗಾಲಿನ ಚಪ್ಪಲಿಯನ್ನು ಇಟ್ಟರು. ಹಿಮ್ಮಡಿ ಸರಿಯಾಗಿ ಕೂತಿತು. ಪಕ್ಕಗಳು ಕೂತವು. ಹೆಬ್ಬೆರಳಿನ ಮುಂದೆ ಬಿಡಬೇಕಾದಷ್ಟೇ ಜಾಗ ಉಳಿದಿತ್ತು. ಅಂಗಡಿಯಲ್ಲಿ ಮಕ್ಕಳಿಗೆ ಮಾಡುವ ಹಾಗೆ ಅಲ್ಲಿ ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದರು.

“ಏನೂ ಒತ್ತಬೇಡಮ್ಮ,” ಅಂದರು. “ಅಳತೆ ಸರಿಯಾಗೇ ಇದೆ.”

ಕಟ್ಟಿನ ಉಳಿದ ಹಾಳೆಗಳ ಮೂಲೆಯಲ್ಲೆಲ್ಲ ವರ್ಷ ಇತ್ತು, ಅದರ ಕೆಳಗೆ ಆರು ಇತ್ತು. ಈ ಒಂದರ ಮೂಲೆ ಖಾಲಿ. ಅವರು ಕಿವಿಯ ಮೇಲೆ ಕೈಯಾಡಿಸಿದರು, ಪೆನ್ಸಿಲ್ ಇರಲಿಲ್ಲ. ಪಿಟೀಲು ತನ್ನ ಶಾಲೆಯ ಚೀಲ ತಡಕಿ, ಕಚ್ಚಿ ಮೊಂಡಾದ ಒಂದನ್ನು ತಂದುಕೊಟ್ಟಳು. ಮೇಷ್ಟ್ರು ವರ್ಷ ಬರೆದರು. ಅದರ ಕೆಳಗೆ ಆರು ಬರೆದರು, ಕೈ ತಾನಾಗಿಯೇ ಬರೆದುಬಿಟ್ಟಿತ್ತು. ನೋಡಿಕೊಂಡು, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಒಂಬತ್ತು ಅಂತ ಬರೆದರು.